ಎರಡು ಸೀಟಿನ ಕಾರು

ಕಣ್ಣು ಮುಚ್ಚು ಎಂದರು ಅಪ್ಪ, ಅವನು ಮುಚ್ಚಿದ. ಮುಚ್ಚಿ ಒಂದು ಉಸಿರು ಎಳೆದುಕೊಂಡ ಮೇಲೆ ಹೊಳೆಯಿತು, ಹೇಳಿದ್ದು ತನಗಲ್ಲ ಎಂದು. ಅವನು ಕಾರಿನ ಹೊರಗೆ ನಿಂತಿದ್ದ. ಒಳಗೆ ಅಪ್ಪನ ಪಕ್ಕದ ಸೀಟಿನಲ್ಲಿ ತಂಗಿ ಕೂತಿದ್ದಳು, ತಲೆಯನ್ನು ಹಿಂದಕ್ಕೆ ಆನಿಸಿ, ಮೂಗನ್ನು ತುಸು ಮೇಲೆತ್ತಿ, ಕಣ್ಣು ಮುಚ್ಚಿಕೊಂಡು. ಅವನು ಕಣ್ಣು ತೆರೆದಾಗ ಕಾರಿನ ಯಜಮಾನರಾದ ಹಲ್ಲಿನ ಡಾಕ್ಟರು ಆ ಕಡೆಯಿಂದ ಅವನನ್ನೇ ನೋಡುತ್ತಿದ್ದರು. ಧೂಳು ಬಿದ್ದವನಂತೆ ರೆಪ್ಪೆ ಉಜ್ಜಿಕೊಂಡ. ಒರೆಸಿದರೂ ಬೆರಳಿನಲ್ಲಿ ಗ್ರೀಸ್ ಉಳಿದದ್ದು ಮರೆತಿತ್ತು. ಕಣ್ಣು ನಿಜಕ್ಕೂ ಉರಿಯತೊಡಗಿತು. ಬಾಗಿಲು ಹಾಕೋ ದೊಡ್ಡೋನೆ ಎಂದರು ಅಪ್ಪ. ಆ ಬಾಗಿಲನ್ನು ತೆರೆದವನೇ ಅವನು. ಡಾಕ್ಟರು ಬೀಗದ ಕೈ ಕೊಟ್ಟ ಕೂಡಲೇ ಕೈ ಒರೆಸಿಕೊಂಡು, ಸುತ್ತಿ ಬಂದು, ಕೂರಲೆಂದು ಒಂದು ಕಾಲನ್ನು ಒಳಗೂ ಇಟ್ಟಿದ್ದ. ಅಷ್ಟರಲ್ಲಿ ಅಪ್ಪ ಶೆಡ್ಡಿನ ಕಡೆ ತಿರುಗಿ, ಪುಟ್ಟೀ ಬಾ, ಎಂದು ಕರೆದಿದ್ದರು, ನೀರು ತಾ ಅನ್ನುವಷ್ಟು ಸಲೀಸಾಗಿ. ಒಳಗಿಟ್ಟ ಕಾಲನ್ನು ಹೊರಗೆ ತೆಗೆಯುವುದಕ್ಕೂ ಒಂದು ನೆಪ ಬೇಕಲ್ಲ. ಬಗ್ಗಿ ಕಾಲಡಿಯ ಮ್ಯಾಟು ಸರಿಪಡಿಸಿದಂತೆ ಮಾಡಿ, ತಂಗಿಗೆಂದೇ ಬಾಗಿಲು ತೆರೆದು ಹಿಡಿದವನಂತೆ ಪಕ್ಕಕ್ಕೆ ಸರಿದಿದ್ದ. ಥ್ಯಾಂಕ್ಸ್ ಅಣ್ಣ ಎಂದು ಅವಳು ಕೂತಿದ್ದಳು. ಈಗ ಆ ಬಾಗಿಲನ್ನು ಒಂದಿಷ್ಟು ಮೇಲಕ್ಕೆತ್ತಿ ತಳ್ಳಿದ. ಅದರ ಕೀಲು ಜಗ್ಗಿದೆ, ಎತ್ತದೆ ಹಾಕಿದರೆ ಕಚ್ಚುವುದಿಲ್ಲ. ಇದು ತನಗೆ ಗೊತ್ತು, ಅವಳಿಗೆ ಗೊತ್ತಿಲ್ಲ ಎಂದುಕೊಂಡ. ಹಸಿರು ಕಾರು ಗೇಟು ದಾಟಿ ಏರಿನ ರಸ್ತೆಗೆ ತಿರುಗಿತು.

ಮೂವತ್ತೆಂಟು ವರ್ಷದ ಕಾರು. ಉದ್ದ ಮೂತಿಯ, ನೆಲಕ್ಕೆ ಅಂಟಿಕೊಂಡಂತೆ ಓಡುವ, ಒಂದು ಕಾಲಕ್ಕೆ ಪಂದ್ಯಕ್ಕೂ ಹೋಗಿಬಂದ ಕಾರು. ಇರುವುದು ಎರಡೇ ಸೀಟು. ಬೇರೆ ಕಾರುಗಳಲ್ಲಾಗಿದ್ದರೆ ಈ ಏಳು ತಿಂಗಳು ನಡೆದಂತೆ ಇವತ್ತೂ ನಡೆದುಹೋಗುತ್ತಿತ್ತು: ಅಪ್ಪ ಸ್ಟೀರಿಂಗಿಗೆ, ಒಬ್ಬರು ಪಕ್ಕಕ್ಕೆ, ಇನ್ನೊಬ್ಬರು ಹಿಂದೆ ಕೂತು ನಡುವೆ ಮೂಗು ತೂರಿಸುವುದು. ಯಾರ ಮೂಗು ಮೊದಲು ಹಿಡಿಯಿತು ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ವಾಸನೆಯಿಂದಲೇ ಕಾರಿನ ದೋಷ ಹಿಡಿಯುವ ಅಪ್ಪನ ಮೂಗಿಗೆ ಊರಲ್ಲೇ ಹೆಸರಿತ್ತು. ಬೇರೆ ವರ್ಕ್‌ಶಾಪಿನವರು ಬಿಚ್ಚಿ ಬಿಚ್ಚಿ ಸೋತ ಕಾರುಗಳು ಇಲ್ಲಿಗೆ ಬರುತ್ತಿದ್ದವು. ಏಳು ತಿಂಗಳ ಹಿಂದೆ ಒಂದು ಜ್ವರ ಬಂದು ಹೋಯಿತು. ಜ್ವರ ಬಿಟ್ಟ ಮೇಲೆ ಮೂರು ವಾರ ಅಪ್ಪ ಮನೆಯಲ್ಲಿ ಎದ್ದೆದ್ದು ಹೋಗಿ ಒಲೆ ಆರಿಸುತ್ತಿದ್ದರು, ಏನೋ ಸುಡುತ್ತಿದೆ, ನಿಮಗೆ ಯಾರಿಗೂ ಬರುತ್ತಿಲ್ಲವಾ ಎನ್ನುತ್ತಿದ್ದರು. ಏನೂ ಸುಡುತ್ತಿರಲಿಲ್ಲ. ನಾಲ್ಕನೇ ವಾರ ಆ ಇಲ್ಲದ ವಾಸನೆಯೂ ಹೋಯಿತು, ಜೊತೆಗೆ ಇದ್ದ ವಾಸನೆಗಳೆಲ್ಲ ಹೋದವು. ಪೆಟ್ರೋಲ್ ಡಬ್ಬಿಗೆ ಮೂಗಿಟ್ಟು ಅಪ್ಪ ಮಗುವಿನಂತೆ ತಲೆಯೆತ್ತಿ ನೋಡಿದ್ದು ಅವನ ಕಣ್ಣಿಗೆ ಕಟ್ಟಿದೆ. ನೋಡಿದ್ದು ಅವನನ್ನಲ್ಲ, ತಂಗಿಯನ್ನು. ಆಗಿನ್ನೂ ಕೆಲಸಕ್ಕಿದ್ದ ಸಾಬೂನಿನ ಕಾರ್ಖಾನೆ ಮುಚ್ಚಿದ್ದರಿಂದ ಅವಳು ಮನೆಗೆ ಬಂದು ಹತ್ತು ದಿನ ಆಗಿತ್ತಷ್ಟೆ. ಇಪ್ಪತ್ತೆರಡು ವರ್ಷ ಅಪ್ಪನ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತವನು ಅವನು. ಅಪ್ಪನ ಪದ್ಧತಿಯೇ ಅದು: ಓಡಿಸುವವನ ಮೂಗನ್ನು ಅವನ ಕಣ್ಣು ಕೆಡಿಸುತ್ತದೆ, ಅದಕ್ಕೇ ಇಬ್ಬರು ಬೇಕು. ಒಬ್ಬ ಓಡಿಸಬೇಕು, ಇನ್ನೊಬ್ಬ ಕುರುಡನಾಗಿ ಕೂರಬೇಕು. ವಾಸನೆಯ ಹೆಸರು ಯಾರಿಗೆ ಬೇಕು, ಜಾಗ ಹೇಳು ಎನ್ನುತ್ತಿದ್ದರು. ಅವನು ಜಾಗ ಹೇಳುತ್ತಿದ್ದ. ಅಪ್ಪ ಹ್ಞೂಂ ಎನ್ನುತ್ತಿದ್ದರು. ಆ ಹ್ಞೂಂ ಬಿಟ್ಟು ಅಪ್ಪ ಬೇರೇನೂ ಕೊಟ್ಟವರಲ್ಲ, ಅವನಿಗೆ ಬೇರೇನೂ ಬೇಕೆಂದು ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿತ್ತು: ಅದು ಮೆಚ್ಚಿದ ಹ್ಞೂಂ ಹೌದೋ ಅಲ್ಲವೋ. ಎಲ್ಲ ಸಲವೂ ಅಪ್ಪನಿಗೆ ಮೊದಲೇ ಗೊತ್ತಿದ್ದು, ಮಗ ಸರಿಯಾಗಿ ಹೇಳುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದರೇನೋ.

ಡಾಕ್ಟರು ಟೈರಿನ ರಾಶಿಯ ಮೇಲೆ ಕರವಸ್ತ್ರ ಹಾಸಿ ಕೂತರು. ಮೂರು ವಾರದಿಂದ ಹೀಗೆ ಎಂದರು. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ, ಏರು ಬಂದು ಸೆಕೆಂಡ್ ಗೇರಿಗೆ ಹಾಕಿದರೆ ಐದು ನಿಮಿಷಕ್ಕೆ ಶುರು. ಹೆಂಡತಿ ಕಾರಿಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಿದ್ದಾರೆ, ತಲೆಗೂದಲಿಗೆಲ್ಲ ವಾಸನೆ ಹತ್ತುತ್ತದಂತೆ. ನಾಳೆ ಬೆಳಿಗ್ಗೆ ಘಾಟಿ ಹತ್ತಿ ಮಗಳ ಮನೆಗೆ ಹೋಗಬೇಕು. ಬಾಯಿ ತೆಗೆದ ಕೂಡಲೇ ಮನುಷ್ಯ ಹಲ್ಲು ಉಜ್ಜಿದ್ದಾನೋ ಉಜ್ಜಿದೆ ಅಂತ ಸುಳ್ಳು ಹೇಳ್ತಿದ್ದಾನೋ ಹೇಳಿಬಿಡ್ತೀನಿ, ಈ ಕಾರು ಮಾತ್ರ ಬಾಯಿ ಬಿಡ್ತಿಲ್ಲ ನೋಡಿ, ಎಂದು ನಕ್ಕರು. ಅವನೂ ನಕ್ಕ. ನಿಮ್ಮ ತಂಗಿ ಸಾಬೂನಿನ ಪರೀಕ್ಷೆ ಮಾಡ್ತಿದ್ರಂತೆ, ದಿನಕ್ಕೆ ನೂರು ಬಿಲ್ಲೆ ಮೂಸಿ ಯಾವುದು ಕೆಟ್ಟಿದೆ ಅಂತ ತೆಗೆದಿಡ್ತಿದ್ರಂತೆ, ನಿಮ್ಮಪ್ಪ ಹೇಳಿದ್ರು, ಎಂದರು ಡಾಕ್ಟರು. ಹೌದು ಎಂದ. ದೇವರು ಕೆಲವರಿಗೆ ಕೊಟ್ಟು ಕಳಿಸ್ತಾನೆ ಎಂದರು. ಅದಕ್ಕೂ ಹೌದು ಎಂದ. ಅಪ್ಪ ಈ ಮಾತನ್ನು ಇವರಿಗೆ ಯಾವಾಗ ಹೇಳಿದರು, ಫೋನಿನಲ್ಲಾ, ತನ್ನ ಬಗ್ಗೆ ಏನಾದರೂ ಹೇಳಿದರಾ ಎಂದು ಕೇಳಬೇಕೆನ್ನಿಸಿ ನಾಲಗೆ ಕಚ್ಚಿಕೊಂಡ. ಮನೆಯಲ್ಲಿ ದಿನಾ ಬೆಳಿಗ್ಗೆ ಅಪ್ಪ ಹಾಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂಗಿಯ ಮುಂದೆ ನಿಲ್ಲುತ್ತಾರೆ, ಕೆಟ್ಟಿದೆಯಾ ನೋಡು ಪುಟ್ಟಿ. ಹೊರಗೆ ಹೊರಡುವ ಮುಂಚೆ ಅಂಗಿಯ ಕಂಕುಳನ್ನು ಚಾಚಿ, ಬೆವರು ನಾರತ್ತಾ ಅಂತ ಅವಳನ್ನೇ ಕೇಳುತ್ತಾರೆ. ಅವಳು ಅಪ್ಪನ ತೋಳಿಗೆ ಮೂಗಿಟ್ಟು, ಇನ್ನೊಂದು ದಿನ ನಡೆಯತ್ತೆ, ಅನ್ನುತ್ತಾಳೆ. ನಲವತ್ತೆರಡು ವರ್ಷದ ಗಂಡಸು ಅಪ್ಪನ ಬೆವರಿಗೆ ಹೊಟ್ಟೆಕಿಚ್ಚು ಪಡುತ್ತಾನೆ ಎಂದರೆ ಯಾರು ನಂಬುತ್ತಾರೆ. ಒಂದು ದಿನ ಅವಳು ಸ್ನಾನಕ್ಕೆ ಹೋಗಿದ್ದಾಗ ಅಪ್ಪ ಹಾಲಿನ ಪಾತ್ರೆ ಹಿಡಿದು ಬಾಗಿಲ ಹತ್ತಿರ ಕಾದು ನಿಂತಿದ್ದರು, ಅವನು ಎರಡೇ ಹೆಜ್ಜೆ ದೂರದಲ್ಲಿ ಪೇಪರ್ ಓದುತ್ತಿದ್ದರೂ. ಕೊಡಿ ನಾನು ನೋಡ್ತೀನಿ ಅಂದದ್ದಕ್ಕೆ, ಇರಲಿ ಬಿಡು, ಅವಳು ಬರಲಿ, ಎಂದಿದ್ದರು.

ಕಾರು ವಾಪಸು ಬಂತು. ತಂಗಿ ಬಾಗಿಲು ತೆರೆದಳು, ತೆರೆದ ಬಾಗಿಲಿನಿಂದ ಬೆಚ್ಚಗಿನ ಗಾಳಿ ಹೊರಬಿತ್ತು, ಅದರ ಒಂದು ಎಳೆ ಅವನ ಮೂಗಿಗೆ ತಾಗಿತು. ಅಷ್ಟೇ ಸಾಕಾಯಿತು. ಇಪ್ಪತ್ತೆರಡು ವರ್ಷದಲ್ಲಿ ಯಾವ ವಾಸನೆಯೂ ಅವನಿಗೆ ಇಷ್ಟು ಬೇಗ ಜಾಗ ಹೇಳಿರಲಿಲ್ಲ. ಸಂತೋಷವೇ ಆಯಿತು ಮೊದಲು, ಎದೆಯಲ್ಲಿ ಸರಕ್ಕನೆ ಎದ್ದ ಸಂತೋಷ, ಗೊತ್ತು, ನನಗೆ ಗೊತ್ತು. ಆಮೇಲೆ ಏನು ಗೊತ್ತು ಎಂಬುದೂ ಹೊಳೆಯಿತು. ಅದು ಅವನ ಅಂಗಿಯ ವಾಸನೆ. ಈ ವರ್ಕ್‌ಶಾಪಿನಲ್ಲಿ ಅರ್ಧಕ್ಕೆ ಬಿಟ್ಟೇಳುವ ಕೆಲಸಕ್ಕೆ ಬಟ್ಟೆ ಕಟ್ಟಬೇಕು. ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟಿದ್ದೀ, ಸ್ಪ್ಯಾನರ್ ಹಾಕಿ ಬಿಗಿ ಮಾಡಿಲ್ಲ, ಅಷ್ಟರಲ್ಲಿ ಯಾರೋ ಕರೆದರು ಎಂದರೆ, ಅದಕ್ಕೊಂದು ಬಟ್ಟೆಯ ಚೂರು ಗಂಟು ಹಾಕಿ ಏಳಬೇಕು. ಬಂದು ಬಿಗಿ ಮಾಡಿದ ಮೇಲೆ ಬಿಚ್ಚಬೇಕು. ಅಪ್ಪ ಮಾಡಿದ ನಿಯಮ. ಯಾರ ಕೆಲಸ ಎಂದು ಗೊತ್ತಾಗಲಿ ಅಂತ ಒಬ್ಬೊಬ್ಬರದು ಒಂದೊಂದು ಬಟ್ಟೆ: ಅಪ್ಪನದು ಬಿಳಿ, ತಂಗಿಯದು ಹಳೆಯ ಹಳದಿ ಹೊದಿಕೆ ಹರಿದದ್ದು, ಅವನದು ನೀಲಿ ಚೌಕುಳಿಯ ಅಂಗಿ ಹರಿದದ್ದು. ನಾಲ್ಕು ವಾರದ ಹಿಂದೆ ಇದೇ ಕಾರಿನ ಅಡಿಯಲ್ಲಿ, ಸೈಲೆನ್ಸರ್ ಪೈಪಿನ ಶಾಖ ತಡೆಯುವ ತಗಡು ಗಡಗಡ ಅನ್ನುತ್ತದೆ ಎಂದು, ಅದರ ಬ್ರಾಕೆಟ್ಟು ಬಿಗಿ ಮಾಡುತ್ತ ಮಲಗಿದ್ದ. ಅಲ್ಲಿಂದ ಅವನಿಗೆ ಬೆಂಚಿನ ಹತ್ತಿರ ನಾಲ್ಕು ಪಾದ ಕಾಣುತ್ತಿದ್ದವು. ಅಪ್ಪ ಸಣ್ಣ ಸಣ್ಣ ಡಬ್ಬಿಗಳನ್ನು ಒಂದೊಂದಾಗಿ ತಂಗಿಯ ಮೂಗಿಗೆ ಹಿಡಿಯುತ್ತಿದ್ದರು: ಬ್ರೇಕ್ ಆಯಿಲ್, ಸುಟ್ಟ ಕ್ಲಚ್ಚಿನ ಪುಡಿ, ರೇಡಿಯೇಟರಿನ ಹಳೆಯ ನೀರು. ಅವನಿಗೆ ಹದಿಮೂರು ವರ್ಷವಾಗಿದ್ದಾಗ ಹಿಡಿದ ಡಬ್ಬಿಗಳು. ಅವನು ತಪ್ಪು ಹೇಳಿದಾಗ ಅಪ್ಪ ಮಾತಾಡದೆ ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋಗುತ್ತಿದ್ದರು. ಅವಳು ತಪ್ಪು ಹೇಳಿದಳು, ಕ್ಲಚ್ಚಿನ ಪುಡಿಗೆ ಶಾಲೆಯ ಸುಣ್ಣದಕಡ್ಡಿ ಅಂದಳು, ಅಪ್ಪ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಬಟ್ಟೆ ಕಟ್ಟಿ, ಏನೋ ಬೇಕಿದ್ದವನಂತೆ ಹೊರಗೆ ತೆವಳಿ ಬಂದು, ಏನೂ ಬೇಕಿಲ್ಲದೆ ಅವರ ಎದುರಿಗೆ ನಿಂತು, ಮತ್ತೆ ಒಳಗೆ ತೆವಳಿದ್ದ. ಬೋಲ್ಟು ಬಿಗಿ ಮಾಡಿದ್ದು ನೆನಪಿದೆ. ಗಂಟು ಬಿಚ್ಚಿದ್ದು ನೆನಪಿಲ್ಲ.

ಏರಿನಲ್ಲಿ ಇಂಜಿನ್ ಒಂದು ಬದಿಗೆ ವಾಲುತ್ತದೆ, ಅದನ್ನು ಕೂರಿಸಿದ ರಬ್ಬರು ಹಳೆಯದು. ಪೈಪು ಅದರ ಜೊತೆ ಸರಿದು ಜೋಲುವ ಬಟ್ಟೆಗೆ ತಾಗುತ್ತದೆ, ಗೇರ್ ಆಯಿಲ್ ಕುಡಿದ ಬಟ್ಟೆ ಕನಲುತ್ತದೆ. ಅಪ್ಪ ಇಳಿದು ಬರುವಷ್ಟರಲ್ಲಿ ಅವನು ಮನಸ್ಸಿನಲ್ಲೇ ಕಾರಿನ ಅಡಿಗೆ ಹೋಗಿ ಬಂದಿದ್ದ.

ತಂಗಿ ಇಸ್ತ್ರಿ ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಇಸ್ತ್ರಿಪೆಟ್ಟಿಗೆ ಮರೆತು ಅಂಗಿ ಮೇಲೆ ಬಿಟ್ಟರೆ ಬರುತ್ತಲ್ಲ, ಆ ವಾಸನೆ. ಹತ್ತಿ ಬಟ್ಟೆ, ನೈಲಾನ್ ಅಲ್ಲ, ನೈಲಾನಾದರೆ ಮುಖಕ್ಕೆ ಹೊಡೆಯುತ್ತದೆ, ಎಂದು ವಿವರಿಸಿದಳು. ಎಲ್ಲೋ ಬಟ್ಟೆ ಸುಡುತ್ತಿದೆ. ಅಪ್ಪ ಅವಳನ್ನು ನೋಡಿ ಜಾಗ ಹೇಳು ಎಂದರು. ಜಾಗ ಗೊತ್ತಾಗ್ತಿಲ್ಲಪ್ಪ, ಒಂದ್ಸಲ ಕೆಳಗೆ ಇಳಿದು ನೋಡ್ಲಾ, ಎಂದಳು. ಅವನ ಬಾಯಿ ತಾನಾಗಿ ತೆರೆಯಿತು.

"ಟ್ಯಾಪೆಟ್ ಕವರಿನ ಪ್ಯಾಕಿಂಗು."

ಇಂಜಿನ್ನಿನ ನೆತ್ತಿಯ ಮುಚ್ಚಳದ ಸಂದಿಯಿಂದ ಎಣ್ಣೆ ಒಸರಿ ಕಾದ ಪೈಪಿನ ಮೇಲೆ ಇಳಿಯುತ್ತಿದೆ ಎಂದ. ಏರಿನಲ್ಲಿ ಇಂಜಿನ್ ಹಿಂದಕ್ಕೆ ಒರಗುತ್ತದಲ್ಲ, ಅದಕ್ಕೇ ಏರಿನಲ್ಲಿ ಮಾತ್ರ. ಮಾತು ಎಷ್ಟು ಸರಾಗವಾಗಿ ಬಂತೆಂದರೆ ಹೇಳುತ್ತ ಹೇಳುತ್ತ ಅವನೇ ನಂಬತೊಡಗಿದ. ಅಪ್ಪ ಅವನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಬಾನೆಟ್ಟು ಎತ್ತಿ, ಬಗ್ಗಿ, ಡಾಕ್ಟರು ನೋಡುತ್ತಿದ್ದಂತೆ, ಇಂಜಿನ್ನಿಗೆ ಮುಖ ಹತ್ತಿರ ಮಾಡಿ ಉದ್ದಕ್ಕೆ ಉಸಿರೆಳೆದುಕೊಂಡರು. ಏನೂ ಬರದ ಉಸಿರು. ಅವನಿಗೆ ಗೊತ್ತಿತ್ತು, ತಂಗಿಗೆ ಗೊತ್ತಿತ್ತು. ಇಬ್ಬರೂ ನೆಲ ನೋಡಿದರು. ಆ ಒಂದು ಕ್ಷಣ ಅವಳೂ ತಾನೂ ಚಿಕ್ಕವರಾಗಿದ್ದಾಗ ಅಪ್ಪ ಜಾರಿ ಬಿದ್ದದ್ದನ್ನು ನೋಡಿ ನೋಡದವರಂತೆ ನಿಂತಿದ್ದು ನೆನಪಾಗಿ, ಅವಳ ಮೇಲೆ ಎಂಥದೋ ಮಮತೆ ಬಂತು, ಬಂದದ್ದು ಉಳಿಯಲಿಲ್ಲ. ಅಪ್ಪ ಬೆರಳಿನಿಂದ ಮುಚ್ಚಳದ ಅಂಚು ಸವರಿ ನೋಡಿದರು. ಎಣ್ಣೆ ಇತ್ತು. ಈ ವಯಸ್ಸಿನ ಯಾವ ಕಾರಿಗಾದರೂ ಅಷ್ಟು ಎಣ್ಣೆ ಇರುತ್ತದೆ. ಹ್ಞೂಂ ಎಂದರು ಅಪ್ಪ. ಪ್ಯಾಕಿಂಗ್ ಹಾಕಿ. ತಂಗಿ ಏನೋ ಹೇಳಲು ಹೋಗಿ, ಅಣ್ಣ ಹೇಳಿದ ಮೇಲೆ ಸರಿಯೇ ಇರಬೇಕು ಎಂಬಂತೆ ತಲೆಯಾಡಿಸಿದಳು. ಹಾಗೆ ಒಪ್ಪಿಕೊಂಡಳಲ್ಲ, ಅದೂ ಅವನಿಗೆ ಚುಚ್ಚಿತು. ತಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಕೆಳಗೆ ನಾನು ನೋಡ್ತೀನಿ, ನೀನು ಪ್ಯಾಕಿಂಗ್ ಕತ್ತರಿಸು, ಎಂದ.

ಇಷ್ಟು ಹಳೆಯ ಕಾರಿಗೆ ಪ್ಯಾಕಿಂಗ್ ಅಂಗಡಿಯಲ್ಲಿ ಸಿಗುವುದಿಲ್ಲ. ಕಾರ್ಕ್ ಹಾಳೆಯ ಮೇಲೆ ಮುಚ್ಚಳ ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ಕತ್ತರಿಸಿ, ಬೋಲ್ಟಿನ ತೂತುಗಳನ್ನು ಕೊರೆಯಬೇಕು. ಅವಳ ಕೈ ಅಚ್ಚುಕಟ್ಟು. ಅವನು ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದಾಗ ಬೆಂಚಿನ ಮೇಲೆ ಕತ್ತರಿ ಕಾರ್ಕನ್ನು ಕಚ್ಚುವ ಸದ್ದು ಕೇಳುತ್ತಿತ್ತು. ಅವನ ಸುಳ್ಳಿಗೆ ಅವಳು ಅಳತೆ ತೆಗೆದು ಅಂಚು ಕತ್ತರಿಸುತ್ತಿದ್ದಳು. ಬಟ್ಟೆ ಅಲ್ಲೇ ಇತ್ತು. ಬ್ರಾಕೆಟ್ಟಿಗೆ ಗಂಟು, ಗಂಟಿನಿಂದ ಇಳಿದ ಬಾಲ, ಬಾಲದ ತುದಿ ಕರಕಲು; ಗಂಟಿನ ಹತ್ತಿರ ಬೆರಳಗಲ ನೀಲಿ ಚೌಕುಳಿ ಇನ್ನೂ ಉಳಿದಿತ್ತು. ಕೂಗಬಹುದಿತ್ತು. ಪುಟ್ಟಿ ನೀನು ಹೇಳಿದ್ದೇ ಸರಿ, ನನ್ನದೇ ಬಟ್ಟೆ ಕಣೆ, ಮರೆತುಬಿಟ್ಟಿದ್ದೆ. ಇಷ್ಟೇ ಮಾತು. ಅಪ್ಪ ಬೈಯುತ್ತಿರಲಿಲ್ಲ, ಬೈಯುವವರಲ್ಲ. ಡಬ್ಬಿಯ ಮುಚ್ಚಳ ಹಾಕಿದಂತೆ ಮುಖ ಮುಚ್ಚಿಕೊಳ್ಳುತ್ತಿದ್ದರು, ಅಷ್ಟೆ. ಆಮೇಲೆ ಡಾಕ್ಟರಿಗೆ ಹೇಳುತ್ತಿದ್ದರು, ನೋಡಿ ನಮ್ಮ ಪುಟ್ಟಿಯ ಮೂಗು. ಮುಂದಿನ ಕಾರಿಗೂ ಅದರ ಮುಂದಿನ ಕಾರಿಗೂ, ನೀರು ತಾ ಎಂದಷ್ಟೇ ಸಲೀಸಾಗಿ, ಪುಟ್ಟೀ ಬಾ. ಅವನು ಗಂಟು ಬಿಚ್ಚಲು ನೋಡಿದ. ನಾಲ್ಕು ವಾರದ ಶಾಖಕ್ಕೆ ಗಂಟು ಕಲ್ಲಾಗಿತ್ತು. ಬ್ಲೇಡು ಹಾಕಿ ಕತ್ತರಿಸಿ, ಮುದುರಿ, ಕಾಲುಚೀಲದೊಳಗೆ ತುರುಕಿಕೊಂಡ. ಹಿಮ್ಮಡಿಯ ಹತ್ತಿರ ಅದು ಬಿಸಿಯಾಗಿ ಒತ್ತುತ್ತಿತ್ತು. ಏನಾದ್ರೂ ಕಾಣ್ತಾ ಅಣ್ಣ, ಎಂದು ಕೇಳಿದಳು ಬೆಂಚಿನಿಂದ. ಏನೂ ಇಲ್ಲ ಎಂದ. ಹಿತ್ತಲಿಗೆ ಹೋಗಿ ಬಟ್ಟೆಯನ್ನು ಹಳೆಯ ಎಣ್ಣೆಯ ಡ್ರಮ್ಮಿಗೆ ಹಾಕಿದ. ಅದು ಮುಳುಗಲು ತಡಮಾಡಿತು. ಮುಳುಗುವವರೆಗೆ ನಿಂತು ನೋಡಿದ.

ಮಧ್ಯಾಹ್ನ ಮೂರಕ್ಕೆ ಪ್ಯಾಕಿಂಗ್ ಕೂತಿತು. ಅಪ್ಪ ಸ್ಟೀರಿಂಗಿಗೆ ಕೂತು, ಈ ಸಲ ನೀನು ಬಾ ದೊಡ್ಡೋನೆ, ಎಂದರು. ತಂಗಿ ಬಾಗಿಲು ಹಾಕಿದಳು. ಎತ್ತಿ ತಳ್ಳಿದಳು. ಅವಳಿಗೂ ಗೊತ್ತಿತ್ತು. ಸೀಟಿನಲ್ಲಿ ಬೆಳಿಗ್ಗೆ ಅವಳು ಕೂತ ತಗ್ಗು ಇನ್ನೂ ಇದ್ದಂತೆ ಅವನಿಗೆ ಭಾಸವಾಗಿ ಒಂದೆರಡು ಸಲ ಮಿಸುಕಾಡಿ ಕೂತ. ಕಣ್ಣು ಮುಚ್ಚು ಎಂದರು ಅಪ್ಪ. ಏರು ಶುರುವಾಯಿತು, ಗೇರು ಇಳಿಯಿತು, ಇಂಜಿನ್ನು ಕೊರಳು ಬದಲಿಸಿತು. ಒಂದು ನಿಮಿಷ, ಎರಡು ನಿಮಿಷ, ಐದೂ ದಾಟಿತು. ಹಳೆಯ ಚರ್ಮದ ವಾಸನೆ, ಪೆಟ್ರೋಲಿನ ಒಂದು ಗೆರೆ, ಹೊಸ ಕಾರ್ಕಿಗೆ ಹಚ್ಚಿದ ಅಂಟು, ಅಪ್ಪನ ಬೆವರು. ಅಪ್ಪನ ಬೆವರು ನಿಜಕ್ಕೂ ನಾರುತ್ತಿತ್ತು. ಇವತ್ತು ಅವಳು ಸುಳ್ಳು ಹೇಳಿ ಕಳಿಸಿದ್ದಾಳೆ ಎಂದುಕೊಂಡ, ಅಪ್ಪನ ಮನಸ್ಸಿಗೆ ನೋವಾಗಬಾರದೆಂದು. ಏನು, ಎಂದು ಕೇಳಿದರು ಅಪ್ಪ. ಏನೂ ಇಲ್ಲಪ್ಪ ಎಂದ. ಚೆನ್ನಾಗಿ ನೋಡು. ನೋಡಿದೆ, ಏನೂ ಇಲ್ಲ. ನಿಜವಾಗ್ಲೂ, ಎಂದು ಕೇಳಿದರು ಅಪ್ಪ. ಅವನಿಗೆ ಕಣ್ಣು ತೆರೆಯದೆ ಇರಲಾಗಲಿಲ್ಲ. ಅಪ್ಪ ರಸ್ತೆ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು, ಪೆಟ್ರೋಲ್ ಡಬ್ಬಿಯಿಂದ ತಲೆಯೆತ್ತಿ ಅಂದು ತಂಗಿಯನ್ನು ನೋಡಿದ್ದರಲ್ಲ, ಹಾಗೆ. ಏಳು ತಿಂಗಳಿಂದ ಆ ನೋಟ ತನ್ನ ಕಡೆ ತಿರುಗಲಿ ಎಂದು ಕಾದಿದ್ದ. ತಿರುಗಿತ್ತು. ನಿಜವಾಗ್ಲೂ ಎಂದ. ಅಪ್ಪ ನಿಡಿದಾಗಿ ಉಸಿರುಬಿಟ್ಟು, ಒಂದು ಕೈಯನ್ನು ಗೇರಿನಿಂದ ತೆಗೆದು ಅವನ ಮೊಣಕಾಲ ಮೇಲೆ ಇಟ್ಟರು. ಇನ್ಮೇಲೆ ಈ ಸೀಟು ನಿಂದು, ಎಂದರು. ಕುರುಡನಿಗೆ ಖೋಟಾ ನೋಟು ಕೊಟ್ಟು ಚಿಲ್ಲರೆ ಎಣಿಸಿಕೊಂಡವನಂತೆ ಅವನು ಕೂತಿದ್ದ. ಆದರೂ ಆ ಕೈಯ ಭಾರ ಹಿತವಾಗಿತ್ತು, ಇನ್ನೊಂದು ನಿಮಿಷ ಇರಲಿ ಅನ್ನಿಸುತ್ತಿತ್ತು. ಅಷ್ಟರಲ್ಲಿ ಅಪ್ಪ ಕೈ ತೆಗೆದು, ಪುಟ್ಟಿ ಬೇಜಾರು ಮಾಡ್ಕೋತಾಳೆ ಪಾಪ, ತಪ್ಪಿದ್ದಕ್ಕೆ ನೀನೇನೂ ಅನ್ಬೇಡ ಅವಳಿಗೆ, ಎಂದರು. ಮತ್ತೆ ವರ್ಕ್‌ಶಾಪು ಬರುವವರೆಗೂ ಅವಳದೇ ಮಾತು. ಅವಳಿಗೆ ಹೇಗೆ ಹೇಳುವುದು, ಯಾವಾಗ ಹೇಳುವುದು, ಅವಳು ರಾತ್ರಿ ಊಟ ಮಾಡುತ್ತಾಳೋ ಇಲ್ಲವೋ.

ಡಾಕ್ಟರು ಒಂದು ಸುತ್ತು ಓಡಿಸಿ ಬಂದು, ಹೂವಿನ ಹಾಗಿದೆ ಎಂದರು. ಅಪ್ಪ ಅವರಿಗೆ ಟ್ಯಾಪೆಟ್ ಕವರಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು, ದೊಡ್ಡೋನು ನಿಂತಲ್ಲೇ ಹೇಳಿಬಿಟ್ಟ ಎಂದು. ಅವನಿಗೆ ಅದನ್ನು ಕೇಳುತ್ತ ನಿಲ್ಲುವ ಆಸೆಯಿತ್ತು, ನಿಲ್ಲಲಾಗಲಿಲ್ಲ. ತಂಗಿ ಕಾಣಲಿಲ್ಲ. ಡಾಕ್ಟರು ಇಳಿದ ಕೂಡಲೇ ಅವಳು ಕಾರಿನೊಳಗೆ ಬಗ್ಗಿ, ಕಾಲಡಿಯವರೆಗೂ ಮುಖ ಇಟ್ಟು ಮೂಸಿ, ಸದ್ದಿಲ್ಲದೆ ಶೆಡ್ಡಿನ ಒಳಗೆ ಹೋಗಿದ್ದಳು. ಅವನು ಹೋದಾಗ ಅವಳು ಬೆಂಚಿನ ಮೇಲೆ ಅಪ್ಪನ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡಿದ್ದಳು. ಒಂದು ಮುಚ್ಚಳ ತೆಗೆಯುತ್ತಾಳೆ, ಮೂಸುತ್ತಾಳೆ, ಬೆನ್ನು ಹಾಕಿ ಎರಡು ಹೆಜ್ಜೆ ನಡೆದು ವಾಪಸು ಬಂದು ಇನ್ನೊಮ್ಮೆ ಮೂಸುತ್ತಾಳೆ. ಮೊದಲು ಅವನಿಗೆ ಬಂದದ್ದು ನಗು. ಸೋತವಳು ಅಭ್ಯಾಸ ಮಾಡುತ್ತಿದ್ದಾಳೆ. ಆಮೇಲೆ ಅವಳು ಅದೇ ಡಬ್ಬಿಯನ್ನು ಮೂರನೇ ಸಲ ಮೂಸುತ್ತಿರುವುದು ಕಂಡಿತು. ಅವಳು ತಿರುಗದೆಯೇ ಮಾತಾಡಿದಳು.

"ಅಪ್ಪನಿಗೂ ಹೀಗೇ ಶುರುವಾಗಿದ್ದು ಅಲ್ವಾ ಅಣ್ಣ. ಸುಡದೇ ಇರೋದು ಸುಟ್ಟ ಹಾಗೆ ಬರ್ತಿತ್ತು."

ಬೆಳಿಗ್ಗೆ ಬಟ್ಟೆಯ ವಾಸನೆ ಎಷ್ಟು ಚೆನ್ನಾಗಿ ಬಂದಿತ್ತು ಎಂದು ಅವಳು ಹೇಳುತ್ತ ಹೋದಳು. ಹತ್ತಿಯೇ, ಒಗೆದು ಒಗೆದು ಹಳೆಯದಾದ ಹತ್ತಿ, ಅದರ ಹಿಂದೆ ಎಣ್ಣೆ. ಬಟ್ಟೆ ಎಷ್ಟು ತೆಳ್ಳಗಿದೆ ಎಂದು ಬೇಕಿದ್ದರೂ ಹೇಳಬಹುದಿತ್ತು. ಪ್ಯಾಕಿಂಗಿನ ಎಣ್ಣೆಯನ್ನು ಹಾಗೆ ತಿಳಿದುಕೊಳ್ಳಬೇಕಾದರೆ ತನ್ನ ಮೂಗಿನಲ್ಲೇ ಏನೋ ಕೆಟ್ಟಿದೆ. ಅಪ್ಪನಿಗೆ ಬಂದ ಜ್ವರ ತನಗೂ ಎರಡು ದಿನ ಬಂದಿತ್ತು, ಯಾರಿಗೂ ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಒಬ್ಬಳು ಹೆಂಗಸಿಗೆ ಹೀಗೇ ಆಗಿ, ಒಂದು ತಿಂಗಳಿಗೆ ತನ್ನ ಮಗುವಿನ ತಲೆಯ ವಾಸನೆಯೂ ಬರದೆ, ದಿನಾ ಬಂದು ಮೂಲೆಯಲ್ಲಿ ಕೂತು ಅಳುತ್ತಿದ್ದಳಂತೆ. ತಂಗಿ ಅಳುತ್ತಿರಲಿಲ್ಲ. ಅತ್ತಿದ್ದರೆ ಸುಮ್ಮನಿರಬಹುದಿತ್ತು ಎಂದುಕೊಂಡ, ಅಳುವವರನ್ನು ಸಮಾಧಾನ ಮಾಡಿ ಹೊರಗೆ ಹೋಗಬಹುದು. ಅವಳು ಮತ್ತೊಂದು ಡಬ್ಬಿ ತೆರೆದು, ಇದು ಬ್ರೇಕ್ ಆಯಿಲ್ ತಾನೆ ಎಂದು ಕೇಳಿದಳು. ಮೇಲೆ ಬರೆದದ್ದನ್ನು ಓದಿದರೆ ಗೊತ್ತಾಗುತ್ತಿತ್ತು, ಅವನನ್ನು ಕೇಳಿದಳು. ಹೊರಗೆ ಅಪ್ಪನ ನಗು ಕೇಳಿತು. ಈಗ ಸುಮ್ಮನಿದ್ದರೆ ಸಾಕು, ತಾನೇನೂ ಮಾಡಬೇಕಾಗಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ನಾಳೆಯಿಂದ ಅವಳು ತನ್ನ ಮೂಗನ್ನು ತಾನೇ ನಂಬುವುದಿಲ್ಲ. ಹಾಲಿನ ಪಾತ್ರೆ ಹಿಡಿದ ಅಪ್ಪನಿಗೆ, ಅಣ್ಣನನ್ನ ಕೇಳಿ ಅಪ್ಪ, ಅನ್ನುತ್ತಾಳೆ. ಅಪ್ಪ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮುಂದೆ ನಿಲ್ಲುತ್ತಾರೆ. ಆ ಚಿತ್ರವನ್ನು ಅವನು ಎಷ್ಟು ಹೊತ್ತು ನೋಡಿದನೋ. ಹಾಲಿನ ಕೆನೆಯವರೆಗೂ ನೋಡಿದ.

"ಬಟ್ಟೇನೇ ಅದು," ಎಂದ. "ನಂದು. ನೀಲಿ."

ಅವಳು ತಿರುಗಿದಳು. ಎಲ್ಲ ಹೇಳಿದ, ನಿಂತು ನಿಂತು: ನಾಲ್ಕು ವಾರದ ಹಿಂದಿನ ಬ್ರಾಕೆಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ತಿಳಿದದ್ದು, ಬ್ಲೇಡು, ಡ್ರಮ್ಮು. ಯಾಕೆ ಎಂದು ಮಾತ್ರ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೊಡೆತ ಬೀಳುತ್ತದೆಂದು ಕಾಯುವವನಂತೆ ಭುಜ ಮೇಲೆತ್ತಿ ನಿಂತಿದ್ದ. ಅವಳು ಕೇಳಿದ್ದು ಬೇರೆ. ಹತ್ತಿ ತಾನೆ, ಎಂದಳು. ಹೌದು. ಹಳೇದು, ಒಗೆದು ಒಗೆದು ತೆಳ್ಳಗಾಗಿದ್ದು. ಹೌದು. ಎಣ್ಣೆ ಯಾವುದು, ಗೇರ್ ಆಯಿಲಾ. ಹೌದು ಕಣೆ, ಗೇರ್ ಆಯಿಲ್. ಅವಳ ಮುಖ ಮೆಲ್ಲಗೆ ಬಿಚ್ಚಿಕೊಂಡಿತು. ಬೆಂಚಿಗೆ ಒರಗಿ, ಎರಡೂ ಅಂಗೈಯಿಂದ ಮೂಗು ಬಾಯಿ ಮುಚ್ಚಿಕೊಂಡು, ತನ್ನ ಕೈಯ ವಾಸನೆಯನ್ನೇ ಉದ್ದಕ್ಕೆ ಎಳೆದುಕೊಂಡು ನಕ್ಕಳು. ಸದ್ಯ, ಸದ್ಯ, ಎಂದಳು. ಅವನು ನೋಡುತ್ತ ನಿಂತ. ಇಡೀ ದಿನ ಹೊತ್ತು ತಿರುಗಿದ ಪಾಪ ಅವಳ ಕೈಗೆ ಹೋದ ಕೂಡಲೇ ಶುಭಸಮಾಚಾರವಾಗಿಬಿಟ್ಟಿತ್ತು. ತಾನು ತಪ್ಪು ಒಪ್ಪಿಕೊಂಡದ್ದರಲ್ಲಿ ಅವಳಿಗೆ ಬೇಕಾದದ್ದು ಬಟ್ಟೆಯ ಜಾತಿ ಮಾತ್ರ. ಬೈದಿದ್ದರೆ, ಕೈಗೆ ಸಿಕ್ಕ ಡಬ್ಬಿ ಎಸೆದಿದ್ದರೆ, ತಾನು ಅವಳಿಗೆ ಏನೋ ಒಂದು ಮಾಡಿದ್ದೇನೆ ಎಂದಾದರೂ ಆಗುತ್ತಿತ್ತು. ಇದನ್ನೂ ಗೆದ್ದಳು ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದದ್ದರಿಂದ ಉದಾರನಾಗಬೇಕೆನ್ನಿಸಿತು, ಈಗಲೇ, ಅವಳ ನಗು ನಿಲ್ಲುವುದರೊಳಗೆ.

ಅಪ್ಪ ಹೊರಗಿನಿಂದ ದೊಡ್ಡೋನೇ ಎಂದು ಕರೆದರು. ನಾಳೆ ಬೆಳಿಗ್ಗೆ ಇನ್ನೊಂದು ಕಾರು ಬರುತ್ತದಂತೆ, ಎಂಥದೋ ವಾಸನೆಯಂತೆ, ಡಾಕ್ಟರ ಸ್ನೇಹಿತರದು. ಬಂದೆ ಎಂದು ಕೂಗಿ ಹೇಳಿ, ಅವನು ತಂಗಿಯ ಕಡೆ ತಿರುಗಿ, ಮಾತನ್ನು ಒಪ್ಪವಾಗಿ ಜೋಡಿಸಿಕೊಂಡು, ನಾಳೆಯ ಕಾರಿಗೆ ಅಪ್ಪನ ಪಕ್ಕದಲ್ಲಿ ಅವಳೇ ಕೂರಲಿ ಎಂದ; ನಾಳೆ ಮಾತ್ರವಲ್ಲ, ಇನ್ನು ಮುಂದೆ ಯಾವಾಗಲೂ. ಆ ಸೀಟು ಅವಳಿಗೇ ಇರಲಿ, 'ನನಗೇನೂ ಬೇಸರವಿಲ್ಲ'. ಬೇಕಾದರೆ ಈಗಲೇ ಹೋಗಿ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾನೆ. ಹೇಳುತ್ತಿದ್ದಂತೆ ತನ್ನ ದನಿ ತನಗೇ ಹಿತವಾಗಿ ಕೇಳಿಸಿತು, ಹಿರಿಯಣ್ಣನ ದನಿ. ಅವಳ ನಗು ನಿಂತಿತ್ತು. ಡಬ್ಬಿಗಳ ಮುಚ್ಚಳಗಳನ್ನು ಒಂದೊಂದಾಗಿ ಹಾಕಿ, ಒತ್ತಿ, ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಕೊನೆಯದನ್ನು ಇಟ್ಟಾದ ಮೇಲೆ ಅವನನ್ನು ನೋಡಿದಳು, ಸಾಬೂನಿನ ಬಿಲ್ಲೆಗಳಲ್ಲಿ ಕೆಟ್ಟದ್ದನ್ನು ತೆಗೆದು ಪಕ್ಕಕ್ಕಿಡುವವರು ನೋಡುವಷ್ಟು ಹೊತ್ತು, ಸಿಟ್ಟಿಲ್ಲದೆ.

"ಬೇಡ," ಎಂದಳು. "ನೀನು ಕೊಡೋದಾದ್ರೆ ನಂಗೆ ಬೇಡ."